ಸಾತನೂರು ಎಂಬ ಕ್ಷೇತ್ರ

ನನ್ನ ತರಗತಿಯಲ್ಲಿ ಕನಕಪುರದ ಕಡೆಯ ಹುಡುಗನೊಬ್ಬನಿದ್ದಾನೆ. ‘ನಮ್ಮ ತಾತ ಇಂದಿಗೂ ನಮ್ಮದು ಸಾತನೂರು ಕ್ಷೇತ್ರ ಎನ್ನುತ್ತಾರೆ, ಸಾರ್. ಕ್ಷೇತ್ರಗಳ ಪಟ್ಟಿಯಲ್ಲಿ ಆ ಹೆಸರೇ ಇಲ್ಲವಲ್ಲ?’ ಎಂದು ಮೊನ್ನೆ ಕೇಳಿದ. ತಾತನದೂ ತಪ್ಪಲ್ಲ, ಪಟ್ಟಿಯದೂ ತಪ್ಪಲ್ಲ. ನಡುವೆ ಗೆರೆ ಬದಲಾಗಿದೆ.

ಸಾತನೂರು ಅಲಕ್ಷಿತ ಕ್ಷೇತ್ರವೇನೂ ಆಗಿರಲಿಲ್ಲ. 1985ರಲ್ಲಿ ಎಚ್.ಡಿ. ದೇವೇಗೌಡರು ಹೊಳೆನರಸೀಪುರದ ಜೊತೆಗೆ ಇಲ್ಲಿಯೂ ಗೆದ್ದಿದ್ದರು. ಅಂದು ಸೋತ ಡಿ.ಕೆ. ಶಿವಕುಮಾರರು 1989ರಿಂದ 2004ರವರೆಗೆ ನಾಲ್ಕು ಸಲ ಇಲ್ಲಿಂದಲೇ ವಿಧಾನಸಭೆಗೆ ಆರಿಸಿಬಂದರು. 2008ರ ಚುನಾವಣೆಯ ಹೊತ್ತಿಗೆ ಆ ಕ್ಷೇತ್ರವೇ ಇರಲಿಲ್ಲ. ಅವರು ಕನಕಪುರದಿಂದ ನಿಂತರು. ಅದೇ ವರ್ಷ ಬೆಂಗಳೂರಿನ ಅಂಚಿನ ಉತ್ತರಹಳ್ಳಿ ಕ್ಷೇತ್ರವೂ ಮರೆಯಾಯಿತು. ಉತ್ತರಹಳ್ಳಿ ಜನ ತುಂಬಿ ಒಡೆದು ಹಲವಾಯಿತು. ಸಾತನೂರು ಜನ ಸಾಲದೆ ನೆರೆಯ ಕ್ಷೇತ್ರದಲ್ಲಿ ಕರಗಿತು.

ಇದರ ಕಾರಣ ಲೆಕ್ಕದಲ್ಲಿದೆ. 1976ರ 42ನೆಯ ತಿದ್ದುಪಡಿ ಸ್ಥಾನಗಳ ಸಂಖ್ಯೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 2001ರ 84ನೆಯ ತಿದ್ದುಪಡಿ ಆ ಕಟ್ಟನ್ನು 2026ರ ಅನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗವು 2001ರ ಜನಗಣತಿಯಂತೆ ಗೆರೆಗಳನ್ನು ಬದಲಿಸಬಹುದಿತ್ತೇ ಹೊರತು, ನಮ್ಮ ವಿಧಾನಸಭೆಯ 224 ಸ್ಥಾನಗಳಿಗೆ ಒಂದನ್ನೂ ಕೂಡಿಸುವಂತಿರಲಿಲ್ಲ. ಬೆಂಗಳೂರು ನಗರ ಜಿಲ್ಲೆಯ ಪಾಲು 28ಕ್ಕೆ ಏರಿದಾಗ ಆ ಏರಿಕೆಯನ್ನು ಬೇರೆ ಜಿಲ್ಲೆಗಳು ತುಂಬಿಕೊಡಬೇಕಾಯಿತು.

ಲೋಕಸಭೆಯ ಪುನರ್ವಿಂಗಡಣೆಯ ಮಾತು ಬಂದಾಗಲೆಲ್ಲ ನಾವು ಕನ್ನಡಿಗರು ಅಳುಕುತ್ತೇವೆ. ಜನಸಂಖ್ಯೆಗೆ ಕಡಿವಾಣ ಹಾಕಿದ ದಕ್ಷಿಣಕ್ಕೆ ಇದೇ ಫಲವೆ ಎಂದು ಕೇಳುತ್ತೇವೆ. ಈ ಅಳುಕು ನನ್ನದೂ ಹೌದು. ಆದರೆ ಇದೇ ತಲೆ ಎಣಿಕೆ ನಮ್ಮ ರಾಜ್ಯದೊಳಗೆ ಹಳ್ಳಿಗಾಡಿನ ಸ್ಥಾನವನ್ನು ಕಳೆದಾಗ ನಾನು ಮರುಗಿದವನಲ್ಲ. ನಗರದಲ್ಲಿ ಕುಳಿತು ಅದನ್ನು ನ್ಯಾಯವೆಂದೇ ತಿಳಿದೆ.

ಅದು ನ್ಯಾಯವೇ ಆಗಿತ್ತು. ಕಿಕ್ಕಿರಿದ ಉತ್ತರಹಳ್ಳಿಯವನ ಮತಕ್ಕೆ ಸಾತನೂರಿನವನ ಮತದಷ್ಟು ತೂಕವಿರಲಿಲ್ಲ. ಆದರೂ ಸಾತನೂರಿನ ನಷ್ಟ ನಷ್ಟವೇ: ಶಾಸಕನೊಬ್ಬನನ್ನು ತಮ್ಮ ಹೆಸರಿನಲ್ಲೇ ಕರೆದು ಕೇಳುವ ಹಕ್ಕು ಅಲ್ಲಿಯ ಹಳ್ಳಿಗಳಿಗೆ ತಪ್ಪಿತು. ಮತಗಳ ಸಮಾನತೆ, ಊರುಗಳ ದನಿ—ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. ದೆಹಲಿಯಿಂದ ನಾವು ಕೇಳುವ ವಿವೇಕವನ್ನು ಬೆಂಗಳೂರು ತನ್ನ ಹಳ್ಳಿಗಳಿಗೂ ತೋರಬೇಕಲ್ಲವೆ?

ಹುಡುಗನಿಗೆ ಹೇಳಿದೆ: ‘ನಿಮ್ಮ ತಾತನನ್ನು ತಿದ್ದಬೇಡಪ್ಪ, ಆ ಕ್ಷೇತ್ರದ ಕಥೆಯನ್ನು ಕೇಳಿ ಬರೆದುಕೊ.’