ಸಂಸಾರದ ಲೆಕ್ಕ: ಬಾಡಿಗೆ ಮನೆಗೆ ಸಾಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮವರು ಈಗ ಮೂರನೆಯದೊಂದನ್ನು ಸೇರಿಸಿದ್ದಾರೆ: ಮನೆ ಕೊಂಡು ಬಾಡಿಗೆಗೆ ಕೊಟ್ಟು ನೋಡು! ‘ಬ್ಯಾಂಕು ಸಾಲ ಕೊಡುತ್ತದೆ, ಬಾಡಿಗೆಯವನು ಕಂತು ತೀರಿಸುತ್ತಾನೆ, ಇಪ್ಪತ್ತು ವರ್ಷಕ್ಕೆ ಮನೆ ನಮ್ಮದು’ ಎಂಬ ಮಾತು ಸಂಘದ ಸಮಾರಂಭಗಳಲ್ಲಿ ಕಾಫಿಯೊಡನೆ ಕೇಳಿಬರುತ್ತದೆ. ಮಾತೇನೋ ಚೆನ್ನ. ಆದರೆ ಕಡತ ತಿರುವುವ ಕೆಲಸದ ನಮಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ.

50 ಲಕ್ಷದ ಮನೆಯೆನ್ನಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಬೆಲೆಯ ನೂರಕ್ಕೆ 90, ಅಲ್ಲಿಂದ 75 ಲಕ್ಷದವರೆಗೆ 80, ಅದರ ಮೇಲೆ 75ರಷ್ಟನ್ನು ಮಾತ್ರ ಬ್ಯಾಂಕು ಕೊಡಬಹುದು. ಎಂದರೆ ನಮಗೆ ಹೆಚ್ಚೆಂದರೆ 40 ಲಕ್ಷ. ಉಳಿದ 10 ಲಕ್ಷ ಕೈಯಿಂದಲೇ ಆಗಬೇಕು. ಮುದ್ರಾಂಕ ಶುಲ್ಕ, ನೋಂದಣಿಯ ವೆಚ್ಚ ಬೇರೆ.

ನೂರಕ್ಕೆ 8.5ರ ಬಡ್ಡಿ, 20 ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಬಾಡಿಗೆ 13,000 ಬಂದೀತೆಂದುಕೊಳ್ಳೋಣ. ಮಿಕ್ಕ 21,700 ಸಂಬಳದಿಂದಲೇ ಹೋಗಬೇಕಲ್ಲವೆ? ಮನೆ ಖಾಲಿ ಬಿದ್ದ ತಿಂಗಳು ಪೂರ್ತಿ ಕಂತೂ ಸೊಸೈಟಿಯ ಹಣವೂ ನಮ್ಮ ತಲೆಯ ಮೇಲೆ.

ಬಡ್ಡಿಯೂ ನಿಂತಲ್ಲಿ ನಿಲ್ಲುವುದಿಲ್ಲ. 2022ರ ಮೇ ತಿಂಗಳಿಗೆ ಮೊದಲು ನೂರಕ್ಕೆ 4 ಇದ್ದ ರೆಪೋ ದರ 2023ರ ಫೆಬ್ರವರಿಗೆ 6.5 ಆಯಿತು. ಅಂಥ ಏರಿಕೆ ನಮ್ಮ ಸಾಲಕ್ಕೆ ಮೊದಲಲ್ಲೇ ತಗುಲಿದರೆ ಕಂತು 41,000 ದಾಟುತ್ತದೆ, ಇಲ್ಲವೆ ಅವಧಿ ಉದ್ದವಾಗುತ್ತದೆ.

ತೆರಿಗೆ ಉಳಿಯುತ್ತದೆಂಬ ಆಸೆಗೂ ಮಿತಿಯಿದೆ. ಪಾಲಿಕೆಯ ತೆರಿಗೆ ಕಳೆದುಳಿದ ಬಾಡಿಗೆಯಲ್ಲಿ ನೂರಕ್ಕೆ 30ನ್ನೂ ಸಾಲದ ಬಡ್ಡಿಯನ್ನೂ ಕಳೆಯಬಹುದು, ನಿಜ. ಆದರೆ ಅದರಿಂದಾದ ನಷ್ಟವನ್ನು ಸಂಬಳದಲ್ಲಿ ತೋರಿಸಿ ಕಳೆಯಲು ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದ ಕಟ್ಟು. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಹಾಗಾದರೆ ಕೊಳ್ಳಲೇಬಾರದೆ? ಹಾಗೆಂದೇನೂ ನಾವು ಹೇಳೆವು. ಸಾಲ ಚಿಕ್ಕದಿರಲಿ, ಆರು ತಿಂಗಳ ಕಂತು ಮೊದಲೇ ಕೂಡಿಟ್ಟಿರಲಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ವ್ಯಕ್ತಿಗಳಿಗೆ ದಂಡವಿಲ್ಲ. ಕೈಗೆ ಬಂದ ಬೋನಸ್ಸನ್ನು ಅತ್ತ ಹಾಕಿರಿ. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ಕಾಯಿದೆಯಂತೆ ಕರಾರುಪತ್ರವನ್ನು ನೋಂದಾಯಿಸಲೇಬೇಕೆಂಬುದನ್ನು ಮರೆಯದಿರಿ.

ಊರಿನ ಹೊಲ ಮಾರಿ, ಮಕ್ಕಳ ಓದಿನ ಹಣ ತೆಗೆದು ಆ ಮೊದಲ 10 ಲಕ್ಷ ಹೊಂದಿಸಬೇಕಾಗಿ ಬಂದರೆ ಮಾತ್ರ ತಡೆಯಿರಿ. ರುಜು ಹಾಕುವ ಮುನ್ನ ಮನೆಯಾಕೆಯೊಡನೆ ಕುಳಿತು, ಬಾಡಿಗೆ ಒಂದು ಕಾಸೂ ಬರದ ವರ್ಷದಲ್ಲಿ ಸಂಸಾರ ಹೇಗೆ ಸಾಗೀತೆಂದು ಬರೆದು ನೋಡಿರಿ. ಸಾಗುವಂತಿದ್ದರೆ ಸಂತೋಷದಿಂದ ಕೊಳ್ಳಿರಿ.