ಹೆಮ್ಮೆಯ ವಿಡಿಯೋ ಸಾಕು, ಮಕ್ಕಳಿಗೆ ಮೂಲ ಬರಹ ತೋರಿಸಿ

ನಮ್ಮ ಮಕ್ಕಳಿಗೆ ಈಗ ಜಗತ್ತಿನ ಇತಿಹಾಸ ಕಲಿಸುತ್ತಿರುವುದು ಫೋನು. ಸಮಾಜ ವಿಜ್ಞಾನದ ಪಠ್ಯಪುಸ್ತಕ ತೆರೆಯುವುದು ಪರೀಕ್ಷೆಯ ಹಿಂದಿನ ವಾರ ಮಾತ್ರ. ವರ್ಷದ ಉಳಿದ ದಿನಗಳಲ್ಲಿ ಒಂದು ನಿಮಿಷದ ವಿಡಿಯೋಗಳೇ ಅವರಿಗೆ ಮೇಷ್ಟ್ರು. ಮಗ ಏನು ನೋಡುತ್ತಿದ್ದಾನೆ ಎಂದು ಉಮ್ಮನಿಗೆ ಗೊತ್ತಿಲ್ಲ, ದುಬೈಯಲ್ಲಿರುವ ಉಪ್ಪನಿಗೆ ಮೊದಲೇ ಗೊತ್ತಿಲ್ಲ.

ಈ ವಿಡಿಯೋಗಳಲ್ಲಿ ಎರಡು ಜಾತಿ. ಒಂದರಲ್ಲಿ ಮುಸ್ಲಿಮರು ಲೋಕವನ್ನೆಲ್ಲ ಸುಟ್ಟು ಹಾಳು ಮಾಡಿದವರು. ಇನ್ನೊಂದರಲ್ಲಿ ಲೋಕದಲ್ಲಿರುವುದನ್ನೆಲ್ಲ ಕಂಡುಹಿಡಿದವರೇ ಮುಸ್ಲಿಮರು. ಮೊದಲನೆಯದು ಬಂದರೆ ನಮಗೆ ಸಿಟ್ಟು ಬರುತ್ತದೆ. ಎರಡನೆಯದು ಬಂದರೆ ಕುಟುಂಬದ ಗ್ರೂಪಿಗೆ ನಾವೇ ಕಳಿಸುತ್ತೇವೆ. ಮಕ್ಕಳನ್ನು ಕೆಡಿಸುವುದರಲ್ಲಿ ಎರಡೂ ಸಮ ಎಂಬುದು ನನ್ನ ವಾದ. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ, ಆದರೂ ಹೇಳಲೇಬೇಕು.

ಮೊದಲ ಜಾತಿಯ ಒಂದು ಉದಾಹರಣೆ ನೋಡಿ. ಖಲೀಫಾ ಉಮರ್ ಅವರ ಅಪ್ಪಣೆಯಂತೆ ಅಲೆಕ್ಸಾಂಡ್ರಿಯಾದ ಮಹಾ ಗ್ರಂಥಾಲಯದ ಪುಸ್ತಕಗಳನ್ನು ಸ್ನಾನಗೃಹಗಳ ಒಲೆಗೆ ಹಾಕಿ ಆರು ತಿಂಗಳು ಉರಿಸಿದರು ಎಂಬ ಕಥೆ. ಅರಬರು ಅಲೆಕ್ಸಾಂಡ್ರಿಯಾವನ್ನು ಹಿಡಿದದ್ದು 640ರ ದಶಕದ ಆರಂಭದಲ್ಲಿ. ಈ ಕಥೆ ಬರಹದಲ್ಲಿ ಕಾಣಿಸಿಕೊಳ್ಳುವುದು 1200ರ ಆಸುಪಾಸಿನಿಂದ, ಅಂದರೆ ಐದೂವರೆ ಶತಮಾನ ಕಳೆದ ಮೇಲೆ. ವಿವರವಾಗಿ ಬರೆದವರಲ್ಲಿ ಒಬ್ಬ ಇಬ್ನುಲ್ ಖಿಫ್ತಿ ಎಂಬ ಮುಸ್ಲಿಂ ಲೇಖಕ. ಆದರೆ ಏಳನೇ ಶತಮಾನದಲ್ಲೇ ಈಜಿಪ್ಟಿನಲ್ಲಿದ್ದ ನಿಕಿಯುವಿನ ಜಾನ್ ಎಂಬ ಕ್ರೈಸ್ತ ಬಿಷಪ್ ಅರಬರ ಆಕ್ರಮಣದ ಬಗ್ಗೆ ಸಾಕಷ್ಟು ಕಟುವಾಗಿಯೇ ಬರೆದಿದ್ದಾನೆ. ಅವನ ಬರಹದಲ್ಲಿ ಈ ಪುಸ್ತಕ ಸುಟ್ಟ ಕಥೆ ಇಲ್ಲ. ಇತಿಹಾಸಕಾರರು ಇದನ್ನು ನಂಬದಿರುವುದಕ್ಕೆ ಇದೂ ಒಂದು ಕಾರಣ. ಯಾರು ಬರೆದರು, ಯಾವಾಗ ಬರೆದರು, ಘಟನೆಗೆ ಎಷ್ಟು ಹತ್ತಿರ ಇದ್ದರು ಎಂಬ ಮೂರು ಪ್ರಶ್ನೆ ಕೇಳಿದರೆ ಕಥೆ ನಿಲ್ಲುವುದಿಲ್ಲ.

ಇಲ್ಲಿಯವರೆಗೆ ಎಲ್ಲರೂ ತಲೆಯಾಡಿಸುತ್ತೀರಿ. ಈಗ ಅದೇ ಮೂರು ಪ್ರಶ್ನೆಯನ್ನು ನಮ್ಮ ಕಡೆಗೆ ತಿರುಗಿಸೋಣ. ರೈಟ್ ಸಹೋದರರಿಗಿಂತ ಸಾವಿರ ವರ್ಷ ಮೊದಲೇ ಅಬ್ಬಾಸ್ ಇಬ್ನು ಫಿರ್ನಾಸ್ ಆಕಾಶದಲ್ಲಿ ಹಾರಿದರು ಎಂಬ ವಿಡಿಯೋ ಯಾರ ಫೋನಿಗೆ ಬಂದಿಲ್ಲ? ಇಬ್ನು ಫಿರ್ನಾಸ್ ಕೊರ್ಡೋಬಾದಲ್ಲಿದ್ದ ವಿದ್ವಾಂಸ, 887ರಲ್ಲಿ ತೀರಿಕೊಂಡವರು. ಗರಿ ಕಟ್ಟಿಕೊಂಡು ಹಾರಿದ್ದು, ಇಳಿಯುವಾಗ ಬೆನ್ನಿಗೆ ಪೆಟ್ಟಾದದ್ದು, ಈ ವಿವರವೆಲ್ಲ ನಮಗೆ ಸಿಗುವುದು 17ನೇ ಶತಮಾನದ ಅಲ್-ಮಖ್ಖರಿಯ ಗ್ರಂಥದಲ್ಲಿ. ನಡುವೆ ಏಳು ಶತಮಾನಕ್ಕೂ ಹೆಚ್ಚಿನ ಅಂತರ! ಆ ಕಾಲದ ಒಬ್ಬ ಕವಿಯ ಸಾಲನ್ನು ಅಲ್-ಮಖ್ಖರಿ ಆಧಾರವಾಗಿ ಕೊಡುತ್ತಾನೆ, ಆದ್ದರಿಂದ ಪೂರ್ತಿ ಕಟ್ಟುಕಥೆ ಎಂದು ತಳ್ಳಿಹಾಕುವಂತಿಲ್ಲ. ಏನೋ ಒಂದು ಪ್ರಯತ್ನ ನಡೆದಿರಬಹುದು ಎನ್ನಬಹುದು. ಅದಕ್ಕಿಂತ ಹೆಚ್ಚು ಹೇಳಲು ಪುರಾವೆ ಸಾಲದು. ಆದರೆ ವಿಡಿಯೋದಲ್ಲಿ ಈ "ಬಹುದು" ಎಲ್ಲಿದೆ?

ಅಲೆಕ್ಸಾಂಡ್ರಿಯಾದ ಕಥೆಗೆ ಐದೂವರೆ ಶತಮಾನದ ಅಂತರ ಇದೆ ಎಂದು ತಳ್ಳುವ ನಾವು ಇಬ್ನು ಫಿರ್ನಾಸ್ ಕಥೆಗೆ ಏಳು ಶತಮಾನದ ಅಂತರ ಇದ್ದರೂ ಕಣ್ಣು ಮುಚ್ಚಿ ಒಪ್ಪುತ್ತೇವೆ. ಹೀಗೆ ಎರಡು ಅಳತೆ ಇಟ್ಟುಕೊಂಡು ಬೆಳೆದ ಹುಡುಗ ನಾಳೆ ಕಾಲೇಜಿನಲ್ಲಿ ಯಾರಾದರೂ ಎದುರು ನಿಂತು ಕೇಳಿದರೆ ಏನು ಉತ್ತರ ಕೊಡುತ್ತಾನೆ? ಒಂದು ಸುಳ್ಳು ಬಯಲಾದ ದಿನ ಅವನು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಅವನಿಗೇ ಯಾವುದರ ಮೇಲೂ ನಂಬಿಕೆ ಉಳಿಯುವುದಿಲ್ಲ.

ಪುರಾವೆ ಕೇಳುವುದು ಪಾಶ್ಚಾತ್ಯರ ಚಟ ಎಂದು ಯಾರೂ ಹೇಳಬೇಡಿ. ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮುನ್ನ ಯಾರಿಂದ ಯಾರು ಕೇಳಿದರು, ಅವರಿಬ್ಬರು ಒಂದೇ ಕಾಲದಲ್ಲಿ ಇದ್ದರೇ ಎಂದು ಸನದ್ ಹಿಡಿದು ಪರೀಕ್ಷಿಸುತ್ತಿದ್ದರು. ಮದ್ರಸದ ಉಸ್ತಾದರಿಗೆ ಇದು ಚೆನ್ನಾಗಿ ಗೊತ್ತು. ಆ ಶಿಸ್ತು ಫೋನಿನ ಮುಂದೆ ಕುಳಿತಾಗ ಮಾತ್ರ ಎಲ್ಲಿ ಹೋಗುತ್ತದೆ?

ಹಾಗಾದರೆ ಮಕ್ಕಳು ಏನು ನೋಡಬೇಕು? ಅದೇ ಫೋನಿನಲ್ಲಿ, ಅದೇ ಡೇಟಾದಲ್ಲಿ, ಒಂದು ರೂಪಾಯಿ ಹೆಚ್ಚು ಕೊಡದೆ ಜಗತ್ತಿನ ದೊಡ್ಡ ಗ್ರಂಥಾಲಯಗಳು ತೆರೆಯುತ್ತವೆ. ಘಟನೆಗಳ ಕ್ರಮ ತಿಳಿಯಲು ಖಾನ್ ಅಕಾಡೆಮಿಯ ವಿಶ್ವ ಇತಿಹಾಸ ಪಾಠಗಳಿವೆ. ನ್ಯೂಯಾರ್ಕಿನ ಫೋರ್ಡಮ್ ವಿಶ್ವವಿದ್ಯಾಲಯದ ಇತಿಹಾಸ ತಾಣದಲ್ಲಿ ಬೇರೆ ಬೇರೆ ಕಾಲದ ಮೂಲ ಬರಹಗಳ ಅನುವಾದಗಳಿವೆ; ಇಸ್ಲಾಮಿನ ಇತಿಹಾಸಕ್ಕೇ ಒಂದು ವಿಭಾಗ ಇದೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಪುಸ್ತಕಗಳನ್ನು ಪುಟ ಪುಟವಾಗಿ ಓದಬಹುದು.

ಈ ಲೋಕ ಇತಿಹಾಸದಲ್ಲಿ ನಮ್ಮ ಕರಾವಳಿಯೂ ಇದೆ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯೊಂದರಲ್ಲಿ ಶತಮಾನಗಳ ಕಾಲ ತುಂಬಿಟ್ಟಿದ್ದ ಹಳೆಯ ಕಾಗದಗಳಿಗೆ ಗೆನಿಜಾ ಎಂದು ಹೆಸರು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯ ಪತ್ರಗಳು ಸಿಕ್ಕಿವೆ. ಈತ ಟ್ಯುನೀಶಿಯಾದಿಂದ ಏಡನ್‌ಗೆ ಬಂದು, ಅಲ್ಲಿಂದ ಮಂಗಳೂರಿಗೆ ಬಂದು 1132ರಿಂದ 1149ರವರೆಗೆ ಈ ಕರಾವಳಿಯಲ್ಲಿದ್ದವನು. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಇಲ್ಲಿಂದ ಕಬ್ಬಿಣ, ಕರಿಮೆಣಸು ಹೋಗುತ್ತಿತ್ತು. ಏಡನ್‌ನಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆನಿಜಾ ತಾಣವನ್ನೂ ಕೇಂಬ್ರಿಡ್ಜ್‌ನ ಡಿಜಿಟಲ್ ಲೈಬ್ರರಿಯನ್ನೂ ಯಾರು ಬೇಕಾದರೂ ತೆರೆದು ಇಂಥ ಕಾಗದಗಳನ್ನು ನೋಡಬಹುದು. ಇದು ಬ್ಯಾರಿಗಳ ವಂಶಾವಳಿ ಎಂದು ನಾನು ಹೇಳುತ್ತಿಲ್ಲ. ಆದರೆ ಇವು ವ್ಯಾಪಾರ ಮಾಡಿದವರೇ ಆಗಲೇ ಬರೆದ ಕಾಗದಗಳು, ನಡುವೆ ಒಂದು ಶತಮಾನದ ಅಂತರವೂ ಇಲ್ಲ. ಇದರ ತೂಕವೇ ಬೇರೆ.

1340ರ ದಶಕದಲ್ಲಿ ಬಂದ ಇಬ್ನು ಬತೂತ ಮಂಗಳೂರಿನಲ್ಲಿ ಸುಮಾರು 4000 ಮುಸ್ಲಿಮರಿದ್ದರು ಎಂದು ಹೇಳಿದ್ದನ್ನು ನಮ್ಮ ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆತ ಊರಿಗೆ ಮರಳಿದ ಮೇಲೆ ನೆನಪಿನಿಂದ ಹೇಳಿದ್ದನ್ನು ಇಬ್ನು ಜುಝಯ್ಯ್ ಎಂಬವರು ಬರೆದುಕೊಂಡರು, ಪುಸ್ತಕ ಮುಗಿದದ್ದು 1355ರ ಹೊತ್ತಿಗೆ. ಹಾಗಾಗಿ ಆ 4000ವನ್ನೂ ಜನಗಣತಿಯಂತೆ ಹಿಡಿಯಬಾರದು. ಮಕ್ಕಳಿಗೆ ಇದನ್ನೂ ಹೇಳಬೇಕು. ಊರಿನವರಿಗೂ ಈ ವ್ಯಾಪಾರಿಗಳಿಗೂ ಆಗಾಗ ಜಗಳವಾಗುತ್ತಿತ್ತು, ವ್ಯಾಪಾರಿಗಳು ಬೇಕಾಗಿದ್ದ ಅರಸ ರಾಜಿ ಮಾಡಿಸುತ್ತಿದ್ದ ಎಂದು ಅದೇ ಜಾಗದಲ್ಲಿ ಆತ ಹೇಳುತ್ತಾನೆ. ವೇದಿಕೆಯಲ್ಲಿ ಆ ಸಾಲನ್ನು ಬಿಟ್ಟು ಓದುವುದೇಕೆ?

ಗಲ್ಫಿನ ಮನೆಗಳಿಗೆ ಇನ್ನೊಂದು ತಾಣ: ಕತಾರ್ ಡಿಜಿಟಲ್ ಲೈಬ್ರರಿ. 2014ರಿಂದ ಇದೆ. ಬ್ರಿಟಿಷರ ಇಂಡಿಯಾ ಆಫೀಸಿನ ಗಲ್ಫ್ ಕಡತಗಳನ್ನು ಅಲ್ಲಿ ಹಾಕಿದ್ದಾರೆ. ಎಣ್ಣೆ ಸಿಗುವ ಮೊದಲು ಆ ನಾಡು ಹೇಗಿತ್ತು ಎಂದು ಮಕ್ಕಳು ನೋಡಲಿ. 1960ರ ದಶಕದ ತನಕ ದುಬೈಯಲ್ಲಿ ನಡೆಯುತ್ತಿದ್ದದ್ದು ಭಾರತದ ರೂಪಾಯಿ. 1959ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಗಲ್ಫ್ ರೂಪಾಯಿ ಅಚ್ಚಾಯಿತು. ದಿರ್ಹಂ ಎಣಿಸುವ ಎಷ್ಟು ಮನೆಗಳಲ್ಲಿ ಈ ಮಾತು ಗೊತ್ತು?

ಇವೆಲ್ಲ ಇಂಗ್ಲಿಷಿನಲ್ಲಿವೆಯಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿಗೆ ಮನೆಯಲ್ಲಿ ಬ್ಯಾರಿ, ತರಗತಿಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ. ಅದರ ಮೇಲೆ ಇಂಗ್ಲಿಷಿನ ಮೂಲ ಬರಹ ಎಂದರೆ ಭಾರವೇ. ಆದರೆ ಆ ಭಾರ ಇಳಿಸಬೇಕಾದವರು ಯಾರು? ನಮ್ಮಲ್ಲಿ ಇಂಗ್ಲಿಷ್ ಓದಿದ ಡಿಗ್ರಿ ಹುಡುಗ ಹುಡುಗಿಯರು ಈಗ ಕಡಿಮೆ ಇಲ್ಲ. ತಿಂಗಳಿಗೆ ಒಂದು ಪತ್ರ, ಒಂದು ಪುಟ ಕನ್ನಡಕ್ಕೆ ತಂದು ಬ್ಯಾರಿಯಲ್ಲಿ ವಿವರಿಸಿದರೆ ವರ್ಷಕ್ಕೆ ಹನ್ನೆರಡಾಯಿತು.

2022ರಲ್ಲಿ ಎನ್‌ಸಿಇಆರ್‌ಟಿ ಹನ್ನೊಂದನೇ ತರಗತಿಯ ವಿಶ್ವ ಇತಿಹಾಸದಿಂದ ಮಧ್ಯ ಇಸ್ಲಾಮಿಕ್ ನಾಡುಗಳ ಅಧ್ಯಾಯವನ್ನು ಕೈಬಿಟ್ಟಿತು. ಕೈಗಾರಿಕಾ ಕ್ರಾಂತಿಯ ಅಧ್ಯಾಯವೂ ಜೊತೆಗೇ ಹೋಯಿತು. ಅದನ್ನು ಪ್ರತಿಭಟಿಸುವುದು ನ್ಯಾಯವೇ. ಆದರೆ ಪುಸ್ತಕದಿಂದ ತೆಗೆದದ್ದನ್ನು ಮಕ್ಕಳಿಗೆ ಬೇರೆ ದಾರಿಯಲ್ಲಿ ಕಲಿಸುವ ಕೆಲಸಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಆ ಕೆಲಸವನ್ನು ನಾವು ಹೆಮ್ಮೆಯ ವಿಡಿಯೋಗಳಿಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದೇವೆ.

ಜಮಾಅತಿನವರಲ್ಲಿ, ಯುವಕ ಸಂಘದವರಲ್ಲಿ ಒಂದೇ ಬೇಡಿಕೆ. ಪ್ರತಿ ವರ್ಷ ಪ್ರತಿಭಾ ಪುರಸ್ಕಾರಕ್ಕೆ ಶಾಲು, ಸ್ಮರಣಿಕೆ, ಫ್ಲೆಕ್ಸ್ ಎಂದು ಖರ್ಚು ಮಾಡುತ್ತೀರಿ. ಅದರಲ್ಲಿ ಅರ್ಧ ಹಣಕ್ಕೆ ಎರಡು ಕಂಪ್ಯೂಟರ್, ಒಂದು ಕೋಣೆ, ವಾರಕ್ಕೆರಡು ಗಂಟೆ ಕೂರುವ ಒಬ್ಬ ಟೀಚರ್ ಇರಲಿ. ಅಲ್ಲಿ ಮಕ್ಕಳು ಕಲಿಯಬೇಕಾದದ್ದು ಆ ಮೂರು ಪ್ರಶ್ನೆಗಳನ್ನು. ಮನೆಯವರಿಗೆ ಇನ್ನೂ ಸುಲಭದ ಕೆಲಸ ಇದೆ. ಮುಂದಿನ ವಿಡಿಯೋ ಗ್ರೂಪಿಗೆ ಬಂದಾಗ, ಅದು ನಮ್ಮನ್ನು ಬೈಯ್ಯಲಿ, ಹೊಗಳಲಿ, ಇದನ್ನು ಮೊದಲು ಬರೆದವರು ಯಾರು ಎಂದು ಕೇಳಿ. ಉತ್ತರ ಬರುವ ತನಕ ಮುಂದಕ್ಕೆ ಕಳಿಸಬೇಡಿ.