ಕೊಳಕು ಯಾರದು?

ರೋಗ ಬಂದಾಗಲೆಲ್ಲ ದೊಡ್ಡವರ ಮಾತು ಒಂದೇ: ಬಡವರು ಗಲೀಜು, ಅದಕ್ಕೇ ಸಾಯ್ತಾರೆ. ವಿಕ್ಟೋರಿಯಾ ರಾಣಿಯ ಲಂಡನ್ನಿನಲ್ಲೂ ಇದೇ ಮಾತಿತ್ತು. 1848–49ರಲ್ಲಿ ಅಲ್ಲಿ ಕಾಲರಾಕ್ಕೆ 14,000ಕ್ಕೂ ಹೆಚ್ಚು ಜನ ಸತ್ತರು. ಬಡವರ ಓಣಿಗಳ ನಾತದಿಂದಲೇ ರೋಗ ಅಂತ ಪಂಡಿತರೂ ಅಧಿಕಾರಿಗಳೂ ನಂಬಿದ್ದರು.

ಥೇಮ್ಸ್ ನದಿಯ ದಕ್ಷಿಣ ದಂಡೆಯ ಬೀದಿಗಳು ಈ ನಂಬಿಕೆಯನ್ನು ಸುಳ್ಳು ಮಾಡಿದವು. ಅಲ್ಲಿ ಎರಡು ಖಾಸಗಿ ಕಂಪನಿಗಳು ನೀರು ಮಾರುತ್ತಿದ್ದವು. ಸದರ್ಕ್–ವಾಕ್ಸ್‌ಹಾಲ್ ಕಂಪನಿ ಬ್ಯಾಟರ್ಸಿಯಲ್ಲಿ, ನಗರದ ಹೊಲಸೆಲ್ಲ ಬಂದು ಸೇರೋ ಕಡೆಯೇ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ನದಿಯ ಮೇಲ್ಗಡೆ, ಥೇಮ್ಸ್ ಡಿಟ್ಟನ್ನಿಗೆ ಹೋಗಿತ್ತು. ಇಬ್ಬರ ಕೊಳವೆಗಳೂ ಎಷ್ಟೋ ಬೀದಿಗಳಲ್ಲಿ ಒಟ್ಟಿಗೇ ಹರಿದಿದ್ದವು.

1854ರಲ್ಲಿ ಕಾಲರಾ ಮತ್ತೆ ಬಂತು. ಯಾರ್ಕ್ ಊರಿನ ಕೂಲಿಕಾರನ ಮಗ, ವೈದ್ಯ ಜಾನ್ ಸ್ನೋ, ಸತ್ತವರ ಮನೆಗಳ ಬಾಗಿಲು ತಟ್ಟಿ ಕೇಳಿದ: ನಿಮ್ಮ ನೀರು ಯಾವ ಕಂಪನಿಯದು? ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ನೀರಿನ ದುಡ್ಡು ಕಟ್ಟುತ್ತಿದ್ದವನು ಮನೆ ಮಾಲೀಕ. ಕುಡಿದು ಸಾಯೋದು ಮಾತ್ರ ಇವರ ಪಾಲು. ಸ್ನೋ ನೀರಿನ ಉಪ್ಪು ಪರೀಕ್ಷಿಸಿ ಕಂಪನಿಯನ್ನು ಗುರುತಿಸಿದ. ಮೊದಲ ಏಳು ವಾರಗಳ ಲೆಕ್ಕ ನೋಡಿ: ಪ್ರತಿ 10,000 ಮನೆಗೆ ಸದರ್ಕ್–ವಾಕ್ಸ್‌ಹಾಲ್ ಕಡೆ 315 ಸಾವು, ಲ್ಯಾಂಬೆತ್ ಕಡೆ 37.

ಅದೇ ಬೀದಿ, ಅದೇ ಗಾಳಿ, ಅದೇ ನಾತ. ಬೇರೆಯಾಗಿದ್ದದ್ದು ಕೊಳವೆ ಒಂದೇ. ಹಾಗಾದರೆ ಕೊಳಕು ಯಾರದು?

ಸರ್ಕಾರಕ್ಕೆ ಏನೂ ತಿಳಿದಿರಲಿಲ್ಲ ಅನ್ನಬೇಡಿ. ಕೊಳಕು ಜಾಗದಿಂದ ನೀರೆತ್ತಬಾರದು ಅಂತ 1852ರಲ್ಲೇ ಕಾನೂನಾಗಿತ್ತು. ಆದರೆ ಕಂಪನಿಗಳಿಗೆ 1855ರ ಆಗಸ್ಟ್‌ವರೆಗೆ ಗಡುವು! ಆ ಗಡುವಿನೊಳಗೇ ಇಷ್ಟು ಹೆಣ ಬಿದ್ದವು. 1858ರ ಬೇಸಿಗೆಯಲ್ಲಿ ಥೇಮ್ಸ್ ನಾತ ಪಾರ್ಲಿಮೆಂಟಿನ ಕಿಟಕಿಗೇ ಬಡಿಯಿತು. ಆಗ ನೋಡಿ, ವಾರಗಳಲ್ಲೇ ಚರಂಡಿ ಕಾನೂನು ಪಾಸಾಯಿತು. ಬಡವರ ಹೆಣಕ್ಕೆ ಇಲ್ಲದ ಅವಸರ ದೊರೆಗಳ ಮೂಗಿಗೆ ಬಂತು. ಸ್ನೋ ಅದೇ ಜೂನ್‌ನಲ್ಲಿ ಸತ್ತಿದ್ದ. ಆ ಚರಂಡಿ ಇನ್ನೂ ಮುಗಿಯದಿದ್ದ ಪೂರ್ವ ಲಂಡನ್ನಿನ ಬಡವರು 1866ರಲ್ಲಿ ಮತ್ತೆ ಕಾಲರಾಕ್ಕೆ ಬಲಿಯಾದರು. ಅಲ್ಲೂ ಒಂದು ನೀರಿನ ಕಂಪನಿಯದೇ ಹೊಣೆ. ಕಂಪನಿಗಳ ಕೈಯಿಂದ ನೀರು ಬಿಡಿಸುವ ಕಾನೂನು ಬರೋಕೆ 1902 ಆಗಬೇಕಾಯಿತು.

ನಿಮ್ಮಲ್ಲಿ ನಾಳೆ ಯಾರೋ ಡಾಕ್ಟರಾಗ್ತೀರಿ, ಯಾರೋ ಅಧಿಕಾರಿಯಾಗ್ತೀರಿ. ರೋಗ ಬಿದ್ದ ಊರಿಗೆ ಹೋದಾಗ ಕೈ ತೊಳೆಯಿರಿ ಅಂತ ಬೋಧನೆ ಶುರುಮಾಡೋ ಮೊದಲು ಕೇಳಿ: ತೊಳೆಯೋಕೆ ನೀರು ಎಲ್ಲಿಂದ ಬರುತ್ತೆ? ಕೊಡೋನು ಯಾರು? ಅವನೂ ಅದನ್ನೇ ಕುಡೀತಾನಾ?